ಮುನಿಸಿಕೊಂಡ ಕ್ರಾಪಿಗೆ ಕಾಳುಮೆಣಸಿನಷ್ಟು ಎರೆ

ಏಪ್ರಿಲ್ ಬಂತೆಂದರೆ ಉತ್ತರ ಕೆರೊಲಿನಾದ ಕ್ಯಾರಿ, ರಾಲಿ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಒಬ್ಬರಾದರೂ ಗಾಳ ಹಿಡಿದು ಜೋರ್ಡನ್ ಸರೋವರದ ದಾರಿ ಹಿಡಿಯುತ್ತಾರೆ. ಡಾಗ್‌ವುಡ್ ಮರ ಬೆಳ್ಳಗೆ ಹೂಬಿಟ್ಟರೆ ಕ್ರಾಪಿ ಮೀನು ದಡಕ್ಕೆ ಬಂತು ಎನ್ನುವುದು ಅಲ್ಲಿನವರ ಲೆಕ್ಕ. ನೀರು 16ರಿಂದ 20 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗಾದಾಗ ಅದು ಮೊಟ್ಟೆಯಿಡಲು ಆಳವಿಲ್ಲದ ಜಾಗಕ್ಕೆ ಬರುತ್ತದೆ. ಆಗ ಹಿಡಿಯುವುದು ಸುಲಭ. ಕಷ್ಟ ಶುರುವಾಗುವುದು ಶೀತಗಾಳಿ ಹಾದುಹೋದ ಮರುದಿನ. ಆಕಾಶ ತೊಳೆದಿಟ್ಟ ಹಾಗೆ ನೀಲಿ, ನೀರು ತಣ್ಣಗೆ, ಮೀನು ಮಾತ್ರ ಬಾಯಿ ಬಿಗಿದುಕೊಂಡು ಮುಳುಗಿದ ಮರದ ಕೊಂಬೆಗಳ ನಡುವೆ ನಿಂತುಬಿಡುತ್ತದೆ.

ಅಂಥ ದಿನ ಹೆಚ್ಚಿನವರು ಇನ್ನೂ ದೊಡ್ಡ, ಇನ್ನೂ ಹೊಳೆಯುವ ಎರೆ ಹಾಕಿ ನೋಡುತ್ತಾರೆ. ಹಾಗೆ ಮಾಡಬೇಡಿ. ಎರೆ ಚಿಕ್ಕದಾಗಲಿ, ಕೈ ಸುಮ್ಮನಿರಲಿ.

ಇದಕ್ಕೆ ಕಾರಣ ಮೀನಿನ ಮೈಯಲ್ಲೇ ಇದೆ. ಕ್ರಾಪಿಯಲ್ಲಿ ಬಿಳಿ, ಕಪ್ಪು ಎಂದು ಎರಡು ಜಾತಿ. ಎರಡೂ ಸನ್‌ಫಿಷ್ ಕುಟುಂಬದವು. ಕಿವಿರಿನೊಳಗೆ ಬಾಚಣಿಗೆಯಂಥ ಸಣ್ಣ ಹಲ್ಲುಗಳ ಸಾಲಿರುವುದರಿಂದ ನೀರಿನಲ್ಲಿ ತೇಲುವ ಅತಿಸಣ್ಣ ಜೀವಿಗಳನ್ನೂ ಸೋಸಿ ತಿನ್ನಬಲ್ಲವು. ಸಣ್ಣ ಎರೆ ಅವಕ್ಕೆ ದಿನದ ಊಟದ ಹಾಗೆಯೇ ಕಾಣುತ್ತದೆ. ಮೀನು ಎರೆಯನ್ನು ಕಚ್ಚುವುದಕ್ಕಿಂತ ಹೆಚ್ಚಾಗಿ ನೀರಿನ ಜೊತೆ ಒಳಗೆ ಹೀರುತ್ತದೆ. ಮಂಕಾದ ಮೀನಿನ ಹೀರುವಿಕೆಯೂ ಮಂದ. ಭಾರದ ಎರೆ ಆ ಸೆಳೆತಕ್ಕೆ ಅಲುಗುವುದಿಲ್ಲ, ಹಗುರದ್ದು ಸಲೀಸಾಗಿ ಒಳಗೆ ಹೋಗುತ್ತದೆ.

ಮೊದಲು ಸಾಮಾನು ಹೊಂದಿಸಿಕೊಳ್ಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಜಿಗ್, ಅಂದರೆ ಸೀಸದ ತಲೆಯ ಗಾಳದ ಕೊಕ್ಕೆ, ಔನ್ಸಿನ 16ನೇ ಒಂದು ಭಾಗ, ಸುಮಾರು 1.8 ಗ್ರಾಂ ತೂಗುತ್ತದೆ. ನಮಗೆ ಬೇಕಾದದ್ದು 64ನೇ ಒಂದು ಭಾಗದ್ದು. ಅದು ಅರ್ಧ ಗ್ರಾಮಿಗೂ ಕಡಿಮೆ. ಸೀಸದ ಗುಂಡು ಕಾಳುಮೆಣಸಿನಷ್ಟೇ ಇರುತ್ತದೆ. ಇಷ್ಟು ಹಗುರದ್ದನ್ನು ದಪ್ಪ ದಾರ ಮುಳುಗಲು ಬಿಡದು. ಹಾಗಾಗಿ 2ರಿಂದ 4 ಪೌಂಡ್ ತಾಳುವ ನೈಲಾನ್ ದಾರ, ಅದಕ್ಕೆ ಹೊಂದುವ ಅಲ್ಟ್ರಾಲೈಟ್, ಅಂದರೆ ತೀರಾ ಹಗುರದ, ಕೋಲು ಬೇಕು.

ಜಿಗ್ಗಿನ ಉಡುಪಿಗೆ ಮಾರಾಬೂ ಗರಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಹಿಂದೆ ಇದು ಮಾರಾಬೂ ಕೊಕ್ಕರೆಯ ಗರಿ, ಈಗ ಟರ್ಕಿ ಕೋಳಿಯದು. ನೀವೇ ಕಟ್ಟಿಕೊಳ್ಳಬಹುದು. ಕೊಕ್ಕೆಯ ಕಾಂಡಕ್ಕೆ ದಾರ ಸುತ್ತಿ, ಚಿಟಿಕೆಯಷ್ಟು ಗರಿಯನ್ನು ಬಾಲವಾಗಿ ಬಿಗಿದು, ಮುಂದಕ್ಕೆ ಶೆನಿಲ್ ಎಂಬ ರೋಮರೋಮದ ನೂಲು ಸುತ್ತಿ ಗಂಟುಹಾಕಿ. ಗಂಟಿನ ಮೇಲೆ ಒಂದು ಹನಿ ಉಗುರುಬಣ್ಣ ಸಾಕು. ಒಣಗಿದ್ದಾಗ ಗರಿ ತುಂಬ ಕಂಡರೆ ಮೋಸಹೋಗಬೇಡಿ, ಒದ್ದೆ ಮಾಡಿ ನೋಡಿ: ಬೆಂಕಿಕಡ್ಡಿಗಿಂತ ದಪ್ಪವಿದ್ದರೆ ಕಿತ್ತುಹಾಕಿ. ತಿಳಿನೀರಿಗೆ ಬಿಳಿ ಅಥವಾ ಬೂದು, ಕದಡಿದ ನೀರಿಗೆ ಗಿಳಿಹಸಿರು. ಬಣ್ಣದ ಬಗ್ಗೆ ಇದಕ್ಕಿಂತ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ.

ಜಿಗ್ ನೀರಿನಲ್ಲಿ ಅಡ್ಡವಾಗಿ, ಮರಿಮೀನು ನಿಂತ ಹಾಗೆ ತೂಗಬೇಕು. ಕೊಕ್ಕೆಯ ಕಣ್ಣಿನ ಮೇಲೆ ಗಂಟನ್ನು ಉಗುರಿನಿಂದ ಸರಿಸಿ ಸಮತೋಲ ಮಾಡಿ. ಪ್ರತಿ ಮೀನು ಹಿಡಿದ ಮೇಲೂ ಗಂಟು ಜಾರಿರುತ್ತದೆ, ಮತ್ತೆ ಸರಿಮಾಡಿ.

ಇನ್ನು ಬೆಂಡು, ಅಂದರೆ ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಸುವ ತುಂಡು. ಇಷ್ಟು ಹಗುರ ಎರೆ ದೂರ ಹೋಗಿ ಬೀಳಲು ಬೆಂಡಿನ ತೂಕವೇ ಆಸರೆ. ಪೆನ್ಸಿಲ್‌ನಂತೆ ತೆಳ್ಳಗಿನ ಬಾಲ್ಸಾ ಮರದ ಬೆಂಡು ಆರಿಸಿ. ಕ್ರಾಪಿಯ ನೋಟ ಮೇಲ್ಮುಖ, ತನಗಿಂತ ಕೆಳಗಿರುವ ಎರೆಯನ್ನು ಅದು ಲೆಕ್ಕಿಸುವುದೇ ಕಡಿಮೆ. ಆದ್ದರಿಂದ ಮೊದಲು ಮೂರಡಿ ಆಳಕ್ಕೆ ಬಿಡಿ, ಕಚ್ಚದಿದ್ದರೆ ಒಂದೊಂದೇ ಅಡಿ ಇಳಿಸುತ್ತ ಹೋಗಿ. ಕೊಂಬೆಗಳ ಪಕ್ಕಕ್ಕೆ ಎಸೆದು ಸುಮ್ಮನೆ ಕಾಯಿರಿ. ಕುಣಿಸಬೇಡಿ. ಅಲೆಯ ಮೇಲೆ ಬೆಂಡು ಏರಿಳಿದರೆ ಗರಿ ತಾನಾಗಿ ಉಸಿರಾಡುತ್ತದೆ. ಅಲೆಯೇ ಇಲ್ಲದಿದ್ದರೆ ಅರ್ಧ ನಿಮಿಷಕ್ಕೊಮ್ಮೆ ಒಂದಂಗುಲ ಎಳೆದು ಬಿಡಿ.

ಹೊಸಬರು ತಪ್ಪುವುದು ಇಲ್ಲಿಯೇ: ಬೆಂಡು ಮುಳುಗುವುದನ್ನಷ್ಟೇ ಕಾಯುತ್ತಾರೆ. ಕ್ರಾಪಿ ಕೆಳಗಿನಿಂದ ಬಂದು ಎರೆಯನ್ನು ಬಾಯಲ್ಲಿಟ್ಟು ಮೇಲೇರಿದಾಗ ಭಾರ ಸಡಿಲಿ, ನಿಂತಿದ್ದ ಬೆಂಡು ಮೆಲ್ಲಗೆ ಅಡ್ಡ ಮಲಗುತ್ತದೆ. ಮಲಗಿದರೂ ಮೀನೇ. ಕೋಲನ್ನು ನಿಧಾನವಾಗಿ ಎತ್ತಿ, ಜಗ್ಗಬೇಡಿ. ಕ್ರಾಪಿಗೆ ಅಲ್ಲಿನವರು ಕಾಗದದ ಬಾಯಿ ಎಂದೇ ಹೆಸರಿಟ್ಟಿದ್ದಾರೆ, ತುಟಿಯ ಪೊರೆ ಅಷ್ಟು ತೆಳು. ಎತ್ತಲು ಕೈಬಲೆ ಇರಲಿ.

ಫ್ಲೈ ಕೋಲು, ಅಂದರೆ ಹುಳುವಿನಂಥ ಹಗುರ ಎರೆಯನ್ನು ದಾರದ ಭಾರದಿಂದಲೇ ಎಸೆಯುವ ಕೋಲು, ಬಲ್ಲವರಿಗೂ ಇದೇ ಪಾಠ. 4 ಅಥವಾ 5ನೇ ತೂಕದ ಕೋಲು, 10-12ನೇ ಅಳತೆಯ ವೂಲಿ ಬಗ್ಗರ್ ಎಂಬ ಗರಿಬಾಲದ ಎರೆ ಸಾಕು. ಆಳಕ್ಕೆ ಬೇಕಾದರೆ ಮಣಿಸರದ ಕಣ್ಣಿಟ್ಟು ಚಿಕ್ಕದಾಗಿ ಕಟ್ಟಿದ, ಮರಿಮೀನನ್ನು ಹೋಲುವ ಕ್ಲೌಸರ್ ಮಿನ್ನೋ ಎಂಬ ಎರೆ. ಎಸೆದು ಹತ್ತು ಎಣಿಸಿ, ಬೆರಳುದ್ದದಷ್ಟೇ ದಾರ ಎಳೆದು, ನಿಲ್ಲಿಸಿ. ಹೆಚ್ಚಿನ ಸಲ ಮೀನು ಎರೆಗೆ ಬಾಯಿ ಹಾಕುವುದು ದಾರ ನಿಲ್ಲಿಸಿದ ಆ ಗಳಿಗೆಯಲ್ಲಿ.

ಹೊರಡುವ ಮುನ್ನ ರಾಜ್ಯದ ಮೀನುಗಾರಿಕೆ ಪರವಾನಗಿ ಮಾಡಿಸಿಕೊಳ್ಳಿ. ಉತ್ತರ ಕೆರೊಲಿನಾದಲ್ಲಿ 16 ವರ್ಷ ತುಂಬಿದವರಿಗೆ ಅದು ಬೇಕೇ ಬೇಕು. ಎಷ್ಟುದ್ದದ ಮೀನು, ದಿನಕ್ಕೆ ಎಷ್ಟು ಎಂಬ ನಿಯಮ ಸರೋವರದಿಂದ ಸರೋವರಕ್ಕೆ ಬೇರೆ, ಅದನ್ನೂ ನೋಡಿಕೊಳ್ಳಿ. ಮಾಂಸ ಬೆಳ್ಳಗೆ, ಮೃದು. ರವಾ ಫ್ರೈಗೆ ಹೇಳಿ ಮಾಡಿಸಿದ್ದು. ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿದು, ನೀರಿನಲ್ಲೇ ಬಿಡಿ.

ಒಂದು ಸಿಕ್ಕ ಕೂಡಲೇ ಬೆಂಡಿನ ಜಾಗ ಬದಲಿಸಬೇಡಿ. ಕ್ರಾಪಿ ಗುಂಪಿನಲ್ಲಿರುವ ಮೀನು. ಅದೇ ಆಳಕ್ಕೆ, ಅದೇ ಕೊಂಬೆಯ ಪಕ್ಕಕ್ಕೆ ತಡಮಾಡದೆ ಮತ್ತೆ ಎಸೆಯಿರಿ.