ಅಂಬಾಸಿಡರ್ ಬಾಗಿಲು ಕೂಡಿಸುವುದು ಹೇಗೆ?

ಹಳೆಯ ಅಂಬಾಸಿಡರ್ ಕಾರಿಗೆ ಹೊಸ ಬಣ್ಣ ಹೊಡೆಸಿದ ಮೇಲೂ ಬಾಗಿಲು ಓರೆಯಾಗಿಯೇ ಕಂಡರೆ ಪೇಂಟರನ್ನು ದೂರಿ ಫಲವಿಲ್ಲ. ಬಾಗಿಲಿಗೂ ಬಾಡಿಗೂ ನಡುವಿನ ಸಂದು, ಅಂದರೆ ಗ್ಯಾಪ್, ಸರಿಯಾಗಬೇಕಾದದ್ದು ಪುಟ್ಟಿಗೂ ಮೊದಲು, ಬರೀ ತಗಡಿನಲ್ಲಿ.

ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೆ ಸಾಗುವ ತಗಡಿನ ತೊಲೆ, ಅಂದರೆ ಸಿಲ್, ತುಕ್ಕು ತಿಂದರೆ ಬಾಡಿ ನಡುವೆ ಕುಸಿದು, ಬಾಗಿಲ ಚೌಕಟ್ಟು ಮೇಲ್ಗಡೆ ಕಿರಿದಾಗುತ್ತದೆ. ಬಾಗಿಲು ಮೇಲೆ ಉಜ್ಜುತ್ತಾ ಕೆಳಗೆ ಅಗಲ ಸಂದು ಬಿಟ್ಟಿದ್ದರೆ ಮೊದಲು ಸಿಲ್ ನೋಡಿ. ಅದನ್ನು ಬಾಗಿಲ ಹಿಂಜ್‌ನಲ್ಲಿ (ತಿರುಗಣೆಯಲ್ಲಿ) ಸರಿಮಾಡಲು ಹೋಗಬೇಡಿ. ಜ್ಯಾಕ್ ಕೊಟ್ಟು ಬಾಡಿ ಎತ್ತಿ, ಚೌಕಟ್ಟಿನ ಎರಡೂ ಕರ್ಣಗಳನ್ನು ಎದುರು ಬದಿಯೊಂದಿಗೆ ತಾಳೆ ನೋಡಿ. ಅಳತೆ ಕೂಡಿದ ಮೇಲೆ 25 ಮಿ.ಮೀ. ಚೌಕ ಪೈಪನ್ನು ಚೌಕಟ್ಟಿನ ಅಡ್ಡಕ್ಕೆ ವೆಲ್ಡ್ ಮಾಡಿ, ಆಮೇಲಷ್ಟೇ ಹಳೆಯ ಸಿಲ್ ಕತ್ತರಿಸಿ.

ಸಿಲ್ ಕೆಲಸ ಮುಗಿದ ಬಳಿಕ ಕಾರು ಸಮನೆಲದಲ್ಲಿ ನಾಲ್ಕು ಚಕ್ರದ ಮೇಲೇ ನಿಂತಿರಲಿ, ಎಂಜಿನ್ ಒಳಗಿರಲಿ. ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್ ಮತ್ತು ಬಾಗಿಲ ಲಾಕ್ ಕಚ್ಚಿಕೊಳ್ಳುವ, ಕಂಬದ ಮೇಲಿನ ಲಾಕ್ ಪ್ಲೇಟ್ ಬಿಚ್ಚಿಡಿ. ಬಾಗಿಲಿಗೆ ಮಾತ್ರ ಗಾಜು, ಗಾಜೆತ್ತುವ ಮೆಷಿನ್ ಹಾಕಿಯೇ ನೇತುಹಾಕಿ. ಖಾಲಿ ಬಾಗಿಲಿಗೆ ಕೂಡಿಸಿದ ಗ್ಯಾಪ್, ಗಾಜಿನ ಭಾರ ಬಿದ್ದೊಡನೆ ಕೆಡುತ್ತದೆ. ಬಾಗಿಲು ತೆರೆದು ತುದಿ ಹಿಡಿದೆತ್ತಿ. ಹಿಂಜ್ ಕಟಕಟ ಅಲುಗಿದರೆ ಪಿನ್ನು, ಬುಷ್ ಬದಲಿಸದೆ ಮುಂದಕ್ಕೆ ಹೋಗಬೇಡಿ.

ಕೆಲಸ ಹಿಂದಿನಿಂದ ಮುಂದಕ್ಕೆ ಸಾಗಬೇಕು. ಹಿಂಬದಿಯ ಬಾಡಿ ಜರುಗುವುದಿಲ್ಲವಾದ್ದರಿಂದ ಮೊದಲು ಅದಕ್ಕೆ ಹಿಂದಿನ ಬಾಗಿಲು, ಅದಕ್ಕೆ ಮುಂದಿನ ಬಾಗಿಲು, ಆಮೇಲೆ ಬೋಲ್ಟ್ ಮೇಲೆ ನಿಂತ ಮುಂದಿನ ಫೆಂಡರ್ (ಚಕ್ರದ ಮೇಲಿನ ತಗಡು), ಕೊನೆಗೆ ಬಾನೆಟ್. ಫೆಂಡರ್‌ನಿಂದ ಶುರು ಮಾಡಿದವರು ಅದನ್ನು ಎರಡನೇ ಸಲ ಬಿಚ್ಚಲೇಬೇಕಾಗುತ್ತದೆ.

ಬಾಗಿಲ ಸುತ್ತ 4ರಿಂದ 5 ಮಿ.ಮೀ. ಸಂದು ಸಾಕು. ಅಳೆಯಲು 4 ಮತ್ತು 5 ಮಿ.ಮೀ. ಡ್ರಿಲ್ ಬಿಟ್‌ಗಳ ನುಣುಪು ಬುಡವೇ ಒಳ್ಳೆಯ ಗೇಜು. ಪ್ರೈಮರ್ ಮತ್ತು ಬಣ್ಣ ಎರಡೂ ಅಂಚಿಗೆ ಕೂರುವುದರಿಂದ ತಗಡಿನಲ್ಲಿ ಅರ್ಧ ಮಿ.ಮೀ. ಹೆಚ್ಚೇ ಬಿಡಿ. ಇಲ್ಲವಾದರೆ ಬಾಗಿಲು ಹಾಕುವಾಗ ಅಂಚಿನ ಬಣ್ಣ ಚಕ್ಕೆ ಏಳುತ್ತದೆ.

ಹಿಂಜ್ ಬೋಲ್ಟ್‌ಗಳನ್ನು ಜಗ್ಗಿದರಷ್ಟೇ ಜರುಗುವಷ್ಟು ಸಡಿಲಿಸಿ, ಅದೂ ಒಂದು ಸಲಕ್ಕೆ ಒಂದೇ ಹಿಂಜ್. ಬಿಚ್ಚುವ ಮುನ್ನ ಹಿಂಜ್ ಸುತ್ತ ಪೆನ್ಸಿಲ್ ಗೆರೆ ಎಳೆದಿರಿ. ಬಾಗಿಲ ತುದಿ ಜೋತುಬಿದ್ದಿದ್ದರೆ ಕೆಳಗಿನ ಹಿಂಜನ್ನು ಕಾರಿನ ಹಿಂಬದಿಗೆ ತುಸು ಸರಿಸಬೇಕು, ತುದಿ ಮೇಲೇಳುತ್ತದೆ. ಹಿಂಜ್‌ಗಳ ನಡುವೆ 40 ಸೆಂ.ಮೀ., ಬಾಗಿಲ ಉದ್ದ 90 ಸೆಂ.ಮೀ. ಇದ್ದರೆ, 1 ಮಿ.ಮೀ. ಸರಿಸಿದಾಗ ತುದಿ 2 ಮಿ.ಮೀ.ಗೂ ಮೀರಿ ಏಳುತ್ತದೆ. ಆದ್ದರಿಂದ ಹಿಂಜ್ ಅಡಿಗೆ ಕೊಡಲು ಅರ್ಧ ಮಿ.ಮೀ.ನ ಶಿಮ್‌ಗಳನ್ನೇ (ತೆಳು ತಗಡಿನ ತುಂಡುಗಳನ್ನೇ) ಇಟ್ಟುಕೊಳ್ಳಿ. ಪ್ರತಿ ಸಲ ಬೋಲ್ಟ್ ಪೂರ್ತಿ ಬಿಗಿದು, ಬಾಗಿಲು ಮುಚ್ಚಿ ನೋಡಿ. ಬಿಗಿಯುವಾಗಲೇ ಅದು ಒಂದಿಷ್ಟು ಓಡಿರುತ್ತದೆ.

ಲಾಕ್ ಪ್ಲೇಟ್ ಕೊನೆಗೆ. ಮುಚ್ಚುವಾಗ ಬಾಗಿಲು ಮೇಲಕ್ಕೆ ಹಾರಿದರೆ ಪ್ಲೇಟ್ ಎತ್ತರವಾಗಿದೆ, ಇಳಿಸಿ. ಹೊಸ ಬೀಡಿಂಗ್ ಹಾಕಿದ ಮೇಲೆ ಬಾಗಿಲ ತುದಿ ಹೊರಗೆ ನಿಂತರೆ ಹಿಂಜ್ ಮುಟ್ಟಬೇಡಿ. ಒಂದು ವಾರ ಬಾಗಿಲು ಮುಚ್ಚಿಯೇ ಇಡಿ. ಆಗಲೂ ಕೂರದಿದ್ದರೆ ಆ ರಬ್ಬರ್ ದಪ್ಪವಾಯಿತು, ಮೆತ್ತನೆಯದನ್ನು ತನ್ನಿ.