ಒಣ ಕೆಸರಿನಿಂದ ಕೆಂಪು ಪಟ್ಟಿಯವರೆಗೆ: ಸಿಹಿನೀರಿನ ಸಣ್ಣ ಜೀವಿಗಳ ಲೆಕ್ಕ ಹಿಡಿಯುವ ನನ್ನ ಅನುಭವ

ಮಳೆ ಬಿದ್ದಾಗ ತುಂಬಿ, ಕೆಲವು ವಾರಗಳಲ್ಲಿ ಬತ್ತಿಹೋಗುವ ಹೊಂಡಗಳ ಕ್ರಸ್ಟೇಷಿಯನ್‌ಗಳನ್ನು ಹುಡುಕಿ ದಾಖಲಿಸುವುದು ನನ್ನ ಕೆಲಸ. ಏಡಿ, ಸೀಗಡಿಗಳ ಬಳಗಕ್ಕೇ ಸೇರಿದ ಇವು ಬಹುಪಾಲು ಒಂದೆರಡು ಮಿಲಿಮೀಟರ್ ದಾಟುವುದಿಲ್ಲ. ನೀರುಚಿಗಟವೆಂದು ಹೆಸರಾದ ಡ್ಯಾಫ್ನಿಯಾ ಮತ್ತು ಅದರ ಸೋದರರು, ಒಂಟಿಗಣ್ಣಿನ ಸೈಕ್ಲೋಪ್ಸ್ ಸೇರಿದಂತೆ ಕೋಪಿಪಾಡ್‌ಗಳು, ಎರಡು ಚಿಪ್ಪುಗಳ ನಡುವೆ ಮೈ ಮುಚ್ಚಿಕೊಂಡ ಆಸ್ಟ್ರಕಾಡ್‌ಗಳು, ಇವುಗಳ ನಡುವೆ ದೈತ್ಯರೆನಿಸಿಕೊಂಡ, ಒಂದೆರಡು ಸೆಂಟಿಮೀಟರ್ ಉದ್ದದ, ಬೆನ್ನು ಕೆಳಗೆ ಮಾಡಿ ಈಜುವ ಫೇರಿ ಶ್ರಿಂಪ್‌ಗಳು. ಕೆಲಸದ ಬಗ್ಗೆ ಹೇಳಿದಾಗಲೆಲ್ಲ ಎದುರಾಗುವ ಪ್ರಶ್ನೆ ಒಂದೇ: ಇವು ಅಳಿಯುತ್ತಿವೆಯೇ, ಚೆನ್ನಾಗಿವೆಯೇ? ಒಂದು ಪ್ರಭೇದ ಇಲ್ಲಿ ಇದೆ ಎನ್ನಲು ಒಂದೇ ಒಂದು ಪ್ರಾಣಿ ಸಿಕ್ಕರೆ ಸಾಕು. ಇಲ್ಲ ಎನ್ನಲು ಏನೇನು ಬೇಕು ಎಂಬುದರಲ್ಲೇ ನನ್ನ ದುಡಿಮೆಯ ದೊಡ್ಡ ಪಾಲು ಕಳೆದಿದೆ.

ಸಿಹಿನೀರಿನಲ್ಲಿ ಬದುಕುವ ಕೋಪಿಪಾಡ್‌ಗಳಲ್ಲಿ ಸುಮಾರು 2,800 ಪ್ರಭೇದಗಳು, ಆಸ್ಟ್ರಕಾಡ್‌ಗಳಲ್ಲಿ ಸುಮಾರು 2,000, ನೀರುಚಿಗಟಗಳಲ್ಲಿ 600ಕ್ಕೂ ಹೆಚ್ಚು, ಫೇರಿ ಶ್ರಿಂಪ್ ಮತ್ತು ಅದರ ಸಮೀಪದ ಗುಂಪುಗಳಲ್ಲಿ ಸುಮಾರು 500 ಪ್ರಭೇದಗಳಿವೆ ಎಂದು 2008ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕ ಹೇಳಿತ್ತು. ಯಾವ ಪ್ರಭೇದ ಅಳಿವಿಗೆ ಎಷ್ಟು ಹತ್ತಿರವಿದೆ ಎಂದು ವರ್ಗ ಮಾಡಿ ಹೇಳುವುದು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿ; ಇವುಗಳಲ್ಲಿ ಹೆಚ್ಚಿನವು ಅದರ ಹೊಸ್ತಿಲನ್ನೇ ತುಳಿದಿಲ್ಲ. ಪಟ್ಟಿ ಸೇರಿದವುಗಳಲ್ಲೂ ಅನೇಕ ಪ್ರಭೇದಗಳ ಮೌಲ್ಯಮಾಪನ ನಡೆದದ್ದು 1996ರಲ್ಲಿ. ಹತ್ತು ವರ್ಷ ದಾಟಿದ ಮೌಲ್ಯಮಾಪನವನ್ನು ಪಟ್ಟಿಯೇ ಹಳತೆಂದು ಪರಿಗಣಿಸುತ್ತದೆ. ಹೀಗಿದ್ದರೂ ಆಗ ಕೊಟ್ಟ ಅದೇ ವರ್ಗದ ಅಕ್ಷರಗಳನ್ನು ಇಂದಿಗೂ ವರದಿಗಳಲ್ಲಿ ನಕಲು ಮಾಡುವುದನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. 2025ರ ಆರಂಭದಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನವು 23,000ಕ್ಕೂ ಹೆಚ್ಚು ಸಿಹಿನೀರಿನ ಪ್ರಭೇದಗಳನ್ನು ನೋಡಿ, ಕಾಲುಭಾಗದಷ್ಟು ಅಪಾಯದಲ್ಲಿವೆ ಎಂದಿತು. ಅದರಲ್ಲಿ ಕ್ರಸ್ಟೇಷಿಯನ್‌ಗಳ ಪಾಲು ಸುಮಾರು 30 ಶೇಕಡಾ. ಆದರೆ ಅಲ್ಲಿ ಲೆಕ್ಕಕ್ಕೆ ಬಂದ ಕ್ರಸ್ಟೇಷಿಯನ್‌ಗಳೆಂದರೆ ಏಡಿ, ಕ್ರೇಫಿಶ್, ಸೀಗಡಿಗಳು ಮಾತ್ರ. ನನ್ನ ಬಾಟಲಿಯಲ್ಲಿರುವವರು ಆ ಸಂಖ್ಯೆಯ ಒಳಗೂ ಇಲ್ಲ, ಹೊರಗೂ ಇಲ್ಲ.

ಹೊಂಡದಲ್ಲಿ ನೀರಿದ್ದಾಗ ಬಲೆ ಬೀಸಿದರೆ ಸಾಕಲ್ಲವೇ ಎಂದು ಹೊಸಬರು ಕೇಳುತ್ತಾರೆ. ಫೇರಿ ಶ್ರಿಂಪ್‌ಗಳ ಮಟ್ಟಿಗೆ ಅದು ಅದೃಷ್ಟದಾಟ. ನೀರು ನಿಂತ ಕೆಲವೇ ದಿನಗಳಲ್ಲಿ ಮರಿಯಾಗಿ, ಬೆಳೆದು, ಮೊಟ್ಟೆಯಿಟ್ಟು, ನೀರು ಬತ್ತುವ ಮೊದಲೇ ಮುಗಿದುಹೋಗುವ ಬದುಕು ಅವುಗಳದು. ಒಂದು ವಾರ ತಡವಾಗಿ ಹೋದವನಿಗೆ ಖಾಲಿ ನೀರು ಸಿಗುತ್ತದೆ. ಆದ್ದರಿಂದ ನಾನು ಹೊಂಡ ಒಣಗಿರುವಾಗಲೇ ಮೊದಲ ಭೇಟಿ ಕೊಡುತ್ತೇನೆ. ಆಗ ಇಡೀ ಪ್ರಭೇದವೇ ಕಾಲ ಕೆಳಗಿನ ಕೆಸರಿನಲ್ಲಿ ಸುಪ್ತ ಮೊಟ್ಟೆಗಳಾಗಿ ಮಲಗಿರುತ್ತದೆ; ಬಿಸಿಲು, ಚಳಿ, ವರ್ಷಗಟ್ಟಲೆಯ ಬರ ಯಾವುದಕ್ಕೂ ಅವು ಜಗ್ಗುವುದಿಲ್ಲ. ಅಮೆರಿಕದ ರೋಡ್ ಐಲೆಂಡ್‌ನ ಕೆರೆಯ ಹೂಳಿನಿಂದ ತೆಗೆದ, ಮುನ್ನೂರು ವರ್ಷಕ್ಕೂ ಹಳೆಯ ಕೋಪಿಪಾಡ್ ಮೊಟ್ಟೆಗಳು ಮರಿಯಾದ ವಿಷಯ 1995ರಲ್ಲಿ ವರದಿಯಾಗಿತ್ತು.

ಮಣ್ಣು ತೆಗೆಯುವಾಗ ಆಳಕ್ಕೆ ಅಗೆಯುವ ಅಗತ್ಯವಿಲ್ಲ. ಮರಿಯಾಗಬಲ್ಲ ಮೊಟ್ಟೆಗಳು ಹೆಚ್ಚಾಗಿ ಮೇಲಿನ ಒಂದೆರಡು ಸೆಂಟಿಮೀಟರ್ ಪದರದಲ್ಲಿರುತ್ತವೆ. ಹೊಂಡದ ತೀರಾ ತಗ್ಗಿನ ಜಾಗ, ಅಂಚು, ಎರಡರ ನಡುವಿನ ಇಳಿಜಾರು ಹೀಗೆ ಹಲವು ಕಡೆಗಳಿಂದ ಒಂದೊಂದು ಹಿಡಿ ತೆಗೆದು, ಪ್ರತಿಯೊಂದನ್ನೂ ಬೇರೆ ಕಾಗದದ ಚೀಲಕ್ಕೆ ಹಾಕುತ್ತೇನೆ. ಗಾಳಿ ಬಹುತೇಕ ಒಂದೇ ದಿಕ್ಕಿಗೆ ಬೀಸುವ ಜಾಗವಾದರೆ ತೇಲುವ ಮೊಟ್ಟೆಗಳು ಒಂದು ದಡದಲ್ಲಿ ರಾಶಿಯಾಗಿರುತ್ತವೆ. ಆ ದಡವನ್ನು ಬಿಡಬಾರದು. ಪ್ಲಾಸ್ಟಿಕ್ ಚೀಲ ಬೇಡ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಗುರುತುಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಒಂದನ್ನು ಚೀಲದ ಒಳಗೂ ಇನ್ನೊಂದನ್ನು ಹೊರಗೂ ಇಡುತ್ತೇನೆ. ಅಂದಹಾಗೆ, ಇಷ್ಟು ಮಣ್ಣು ತೆಗೆಯುವುದಕ್ಕೂ ಅನುಮತಿ ಬೇಕಾಗಬಹುದು. ಬ್ರಿಟನ್ನಿನಲ್ಲಿ ಕೈರೋಸೆಫಾಲಸ್ ಡಯಾಫ್ಯಾನಸ್ ಎಂಬ ಫೇರಿ ಶ್ರಿಂಪ್ ಮತ್ತು ಅದರ ಸಮೀಪದ ಬಂಧು, ಟ್ರಯಾಪ್ಸ್ ಕ್ಯಾಂಕ್ರಿಫಾರ್ಮಿಸ್ ಎಂಬ ಟ್ಯಾಡ್‌ಪೋಲ್ ಶ್ರಿಂಪ್ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಅಲ್ಲಿ ಕುತೂಹಲಕ್ಕೆಂದು ಕೆಸರು ಕೆದಕುವುದು ಕಾನೂನಿನ ಕಣ್ಣಿಗೆ ಬೀಳುವ ಕೆಲಸ.

ಒಣಗಿಸಿದ ಮಣ್ಣನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಮೂರು ನಾಲ್ಕು ಬೆರಳು ನೀರು ನಿಲ್ಲಿಸುತ್ತೇನೆ. ನೀರು ಮಳೆಯದ್ದೋ ಬಟ್ಟಿ ಇಳಿಸಿದ್ದೋ ಆಗಿರಬೇಕು. ಲವಣ ಕಡಿಮೆಯಿರುವ ಹೊಸ ನೀರು ಬಂತು ಎಂಬುದೇ ಹಲವು ಪ್ರಭೇದಗಳ ಮೊಟ್ಟೆಗಳಿಗೆ ಒಡೆಯಲು ಸಂಕೇತ. ಕ್ಲೋರಿನ್ ಬೆರೆತ ನಲ್ಲಿ ನೀರು ಹುಟ್ಟಿದ ಮರಿಯನ್ನೂ ಕೊಲ್ಲುತ್ತದೆ. ಬೆಳಕು ಬೇಕು. ಉಷ್ಣತೆಯನ್ನು ಆ ಹೊಂಡ ಯಾವ ಋತುವಿನಲ್ಲಿ ತುಂಬುತ್ತದೆಯೋ ಅದಕ್ಕೆ ಹೊಂದಿಸುತ್ತೇನೆ, ಏಕೆಂದರೆ ಚಳಿಯಲ್ಲಿ ಹುಟ್ಟುವ ಪ್ರಭೇದ ಬೆಚ್ಚಗಿನ ಕೋಣೆಯಲ್ಲಿ ಕಣ್ಣು ಬಿಡುವುದೇ ಇಲ್ಲ. ಎಲ್ಲ ಸರಿಯಿದ್ದರೆ ಎರಡು ಮೂರು ದಿನಗಳಲ್ಲಿ ಬೆಳಕಿನ ಕಡೆಗೆ ಜಿಗಿಯುತ್ತ ಸಾಗುವ ಚುಕ್ಕೆಗಳು ಕಾಣುತ್ತವೆ. ಅವುಗಳನ್ನು ಪಿಪೆಟ್‌ನಿಂದ ಬೇರೆ ಪಾತ್ರೆಗೆ ಸಾಗಿಸಿ, ಪಾಚಿಯ ಹಸಿರು ನೀರನ್ನೋ ಯೀಸ್ಟ್ ಕದಡಿದ ನೀರನ್ನೋ ಹನಿಹನಿಯಾಗಿ ಕೊಟ್ಟು ಬೆಳೆಸುತ್ತೇನೆ. ಆಹಾರ ಸ್ವಲ್ಪ ಹೆಚ್ಚಾದರೂ ನೀರು ಕೊಳೆತು, ಆಮ್ಲಜನಕ ಮುಗಿದು, ಬೆಳಗಾಗುವಷ್ಟರಲ್ಲಿ ಪಾತ್ರೆ ಸ್ಮಶಾನವಾಗಿರುತ್ತದೆ.

ಮೊದಲ ಸಲ ಏನೂ ಹುಟ್ಟದಿದ್ದರೆ ಅಲ್ಲಿಗೆ ಮುಗಿಯುವುದಿಲ್ಲ. ಒಂದೇ ತಾಯಿಯ ಮೊಟ್ಟೆಗಳು ಒಂದೇ ಮಳೆಗೆ ಎಲ್ಲವೂ ಒಡೆಯುವುದಿಲ್ಲ. ಸುಳ್ಳು ಮಳೆಗೆ ಮೋಸಹೋಗದಿರಲು ಕೆಲವು ಮೊಟ್ಟೆಗಳು ಮುಂದಿನ ಸಲಕ್ಕೆ, ಕೆಲವು ಅದರಾಚೆಗೆ ಕಾಯುತ್ತವೆ. ಎಲ್ಲ ಬಿತ್ತನೆ ಬೀಜವನ್ನೂ ಒಂದೇ ಹದಕ್ಕೆ ಸುರಿಯದ ರೈತನ ಜಾಣತನ ಇದು. ಹಾಗಾಗಿ ತಟ್ಟೆಯನ್ನು ಪೂರ್ತಿ ಒಣಗಿಸಿ, ಮತ್ತೆ ನೆನೆಸಿ, ಮತ್ತೆ ಒಣಗಿಸುತ್ತೇನೆ. ಹೀಗೆ ಹಲವು ಸುತ್ತು ಮಾಡಿದ ಮೇಲೂ ಏನೂ ಬಾರದಿದ್ದರೆ ಮಣ್ಣನ್ನು ಸಣ್ಣ ಕಣ್ಣಿನ ಜರಡಿಗಳಲ್ಲಿ ತೊಳೆದು, ಗಾಢ ಸಕ್ಕರೆ ದ್ರಾವಣದಲ್ಲಿ ಕಲಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತೇನೆ. ಮಣ್ಣು ತಳ ಹಿಡಿಯುತ್ತದೆ, ಮೊಟ್ಟೆಗಳು ತೇಲುತ್ತವೆ. ಸೂಕ್ಷ್ಮದರ್ಶಕದಡಿ ನೋಡಿದರೆ ಒಳಗೆ ಜೀವವಿರುವ ಮೊಟ್ಟೆ, ಖಾಲಿ ಸಿಪ್ಪೆ ಎರಡೂ ಬೇರೆಬೇರೆಯಾಗಿ ತಿಳಿಯುತ್ತವೆ. ಸಿಪ್ಪೆ ಮಾತ್ರ ಸಿಕ್ಕರೆ ಅದೂ ಒಂದು ಮಾಹಿತಿಯೇ: ಇಲ್ಲಿ ಒಂದು ಕಾಲಕ್ಕೆ ಇದ್ದವು.

ನೀರು ನಿಂತಾಗ ಬಲೆಯ ಕೆಲಸವೂ ಉಂಟು. ಮರಿಗಳೂ ಬೀಳಬೇಕಾದರೆ 50–60 ಮೈಕ್ರಾನ್ ಕಣ್ಣಿನ ಬಲೆ ಬೇಕು. ಅದು ಕದಡಿದ ನೀರಿನಲ್ಲಿ ನಿಮಿಷದೊಳಗೆ ಕಟ್ಟಿಕೊಳ್ಳುತ್ತದೆ. ಫೇರಿ ಶ್ರಿಂಪ್‌ಗೆ ಒರಟು ಬಲೆಯೇ ಸಾಕು.

ಹಿಡಿದದ್ದು ಯಾವುದು ಎಂದು ಗುರುತಿಸುವುದು ತಾಳ್ಮೆ ಕೆಡಿಸುವ ಹಂತ. ಫೇರಿ ಶ್ರಿಂಪ್‌ಗಳಲ್ಲಿ ಪ್ರಭೇದವನ್ನು ಹೇಳುವುದು ಗಂಡಿನ ಎರಡನೆಯ ಜೋಡಿ ಮೀಸೆ. ಸಂಗಾತಿಯನ್ನು ಹಿಡಿಯಲು ಅದು ಕೊಕ್ಕೆಯಂತೆ ಬಾಗಿ, ಕವಲೊಡೆದು, ಪ್ರತಿ ಪ್ರಭೇದದಲ್ಲೂ ತನ್ನದೇ ಆಕಾರ ತಾಳಿರುತ್ತದೆ. ಡಯಾಪ್ಟೊಮಿಡ್ ಎಂಬ ಕುಟುಂಬದ ಕೋಪಿಪಾಡ್‌ಗಳಲ್ಲಿ ಗಂಡಿನ ಐದನೆಯ ಜೋಡಿ ಕಾಲನ್ನು ಬಿಡಿಸಿ, ಗಾಜಿನ ಮೇಲೆ ಮಲಗಿಸಿ ನೋಡಬೇಕು. ಇಡೀ ಪ್ರಾಣಿಯೇ ಒಂದೆರಡು ಮಿಲಿಮೀಟರ್ ಇರುವಾಗ ಅದರ ಕಾಲು ಬಿಡಿಸಲು ಟಂಗ್‌ಸ್ಟನ್ ತಂತಿಯ ಸೂಜಿಯೇ ಬೇಕು. ಹೆಣ್ಣುಗಳು ಮಾತ್ರ ಸಿಕ್ಕ ಹೊಂಡದ ಚೀಟಿಯಲ್ಲಿ ಎಷ್ಟೋ ಸಲ ಕುಲದ ಹೆಸರಿಗೇ ನಿಲ್ಲುತ್ತೇನೆ. ಊಹಿಸಿ ಪ್ರಭೇದದ ಹೆಸರು ಬರೆದುಬಿಡುವುದಕ್ಕಿಂತ ಅದು ಮೇಲು. ನೀರುಚಿಗಟಗಳನ್ನು ನೇರವಾಗಿ ಮದ್ಯಸಾರಕ್ಕೆ ಹಾಕಿದರೆ ಮೈ ಉಬ್ಬಿ, ಬೆನ್ನ ಚೀಲದ ಮೊಟ್ಟೆಗಳು ಉದುರುತ್ತವೆ. ಮೊದಲು ಸೋಡಾ ನೀರಿನಲ್ಲಿ ಮಂಕಾಗಿಸಿ ಆಮೇಲೆ ಹಾಕುತ್ತೇನೆ. ಡಿಎನ್‌ಎಗೆಂದು ಕೆಲವನ್ನು ಪ್ರತ್ಯೇಕವಾಗಿ, ಶೇಕಡಾ 95ಕ್ಕೂ ಹೆಚ್ಚಿನ ಮದ್ಯಸಾರದಲ್ಲಿ ಇಡುತ್ತೇನೆ, ಏಕೆಂದರೆ ಒಂದೇ ರೂಪದ ಹಿಂದೆ ಹಲವು ಪ್ರಭೇದಗಳು ಅಡಗಿರುವುದು ಈ ಗುಂಪಿನಲ್ಲಿ ಸಾಮಾನ್ಯ.

ಇಷ್ಟಾದ ಮೇಲೆ ಕೆಂಪು ಪಟ್ಟಿಯ ಲೆಕ್ಕ. ಹುಲಿಯಂತೆ ತಲೆ ಎಣಿಸುವ ಮಾತು ಇಲ್ಲಿ ಇಲ್ಲ, ನಕ್ಷೆಯೇ ಆಧಾರ. ಪ್ರಭೇದ ಸಿಕ್ಕ ಜಾಗಗಳ ಮೇಲೆ ಎರಡು ಕಿಲೋಮೀಟರ್ ಬದಿಯ ಚೌಕಗಳ ಜಾಲ ಹರಡಿ, ಎಷ್ಟು ಚೌಕಗಳಲ್ಲಿ ಅದು ಇದೆ ಎಂದು ನೋಡುತ್ತೇವೆ. ಒಟ್ಟು 10 ಚದರ ಕಿಲೋಮೀಟರ್‌ಗಿಂತ ಕಡಿಮೆಯಾದರೆ ತೀವ್ರ ಅಪಾಯದ ವರ್ಗ, 500ಕ್ಕಿಂತ ಕಡಿಮೆಯಾದರೆ ಅಪಾಯದ ವರ್ಗ, 2,000ಕ್ಕಿಂತ ಕಡಿಮೆಯಾದರೆ ದುರ್ಬಲ ವರ್ಗ. ಆದರೆ ಹರವು ಕಿರಿದಾದ ಮಾತ್ರಕ್ಕೆ ವರ್ಗ ದಕ್ಕುವುದಿಲ್ಲ. ನೆಲೆಗಳು ಬೆರಳೆಣಿಕೆಯಷ್ಟಿರಬೇಕು ಅಥವಾ ಛಿದ್ರವಾಗಿರಬೇಕು, ಇಳಿಮುಖ ಮುಂದುವರಿದಿರಬೇಕು, ಸಂಖ್ಯೆ ವಿಪರೀತ ಏರಿಳಿಯುತ್ತಿರಬೇಕು. ಈ ಮೂರರಲ್ಲಿ ಎರಡನ್ನಾದರೂ ತೋರಿಸಬೇಕು.

ಮೂರನೆಯದರಲ್ಲಿ ಅನೇಕರು ಎಡವುತ್ತಾರೆ. ಇಂದು ಸಾವಿರಾರು, ಮುಂದಿನ ತಿಂಗಳು ಸೊನ್ನೆ, ಇದಕ್ಕಿಂತ ವಿಪರೀತ ಏರಿಳಿತ ಎಲ್ಲಿದೆ ಎಂದು ತೋರುವುದು ಸಹಜ. ಆದರೆ ಐಯುಸಿಎನ್ ಮಾರ್ಗಸೂಚಿ ಬತ್ತುವ ಹೊಂಡಗಳ ಅಕಶೇರುಕಗಳನ್ನೇ ಉದಾಹರಣೆಯಾಗಿಟ್ಟು ಇದನ್ನು ತಳ್ಳಿಹಾಕುತ್ತದೆ: ಬೆಳೆದ ಪ್ರಾಣಿಗಳು ಮಾಯವಾದರೂ ಸುಪ್ತ ಹಂತ ಕೆಸರಿನಲ್ಲಿ ಉಳಿದಿರುವಾಗ ಅದು ಜನಸಂಖ್ಯೆಯ ನಿಜವಾದ ಏರಿಳಿತವಲ್ಲ. ನನಗೆ ಇದು ಸರಿಯಾದ ತೀರ್ಮಾನವೆಂದೇ ಕಾಣುತ್ತದೆ. ಇದರಿಂದ ಗಮನವೆಲ್ಲ ಹೋಗಬೇಕಾದಲ್ಲಿಗೆ, ಅಂದರೆ ಕೆಸರಿಗೆ, ಹೋಗುತ್ತದೆ. ಇನ್ನು ಅಳಿದುಹೋಗಿದೆ ಎಂದು ಘೋಷಿಸಲು ಕೊನೆಯ ಜೀವಿಯೂ ಸತ್ತಿದೆ ಎಂಬುದರಲ್ಲಿ ಸಕಾರಣ ಸಂಶಯ ಉಳಿದಿರಬಾರದು. ದಶಕಗಟ್ಟಲೆ ಮಲಗಬಲ್ಲ ಮೊಟ್ಟೆಗಳಿರುವಲ್ಲಿ ಆ ಮಾತನ್ನು ಯಾರು ತಾನೇ ಸುಲಭವಾಗಿ ಹೇಳಬಲ್ಲರು? ಮಾಹಿತಿ ಕೊರತೆ ಎಂಬ ವರ್ಗಕ್ಕೆ ಸೇರಿಸಿ ಕೈತೊಳೆದುಕೊಳ್ಳುವುದು ಅದಕ್ಕಿಂತ ಸುಲಭ. ಆ ವರ್ಗವೆಂದರೆ ಕ್ಷೇಮವೆಂದು ಓದುವ ಅಧಿಕಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಅಪಾಯಗಳ ಪಟ್ಟಿಯಲ್ಲಿ ನೆಲ ಸಮತಟ್ಟು ಮಾಡುವುದು, ಕಟ್ಟಡ, ಕೀಟನಾಶಕ ಎಲ್ಲ ಬರುತ್ತವೆ. ನಾನು ಹೆಚ್ಚು ಜಗಳವಾಡಿರುವುದು ಮಾತ್ರ ಸದುದ್ದೇಶದವರೊಂದಿಗೆ. ಬತ್ತುವ ಹೊಂಡ ಕಂಡರೆ ಅವರಿಗೆ ಮರುಕ. ಯಂತ್ರ ತಂದು ಹೂಳೆತ್ತಿ, ಆಳ ಮಾಡಿ, ವರ್ಷವಿಡೀ ನೀರು ನಿಲ್ಲುವಂತೆ ಮಾಡುತ್ತಾರೆ. ಸೊಳ್ಳೆಗೆಂದು ಗ್ಯಾಂಬೂಸಿಯಾ ಮೀನು ಬಿಡುತ್ತಾರೆ. ಎತ್ತಿದ ಹೂಳಿನೊಂದಿಗೆ ಮೊಟ್ಟೆಗಳ ಠೇವಣಿಯೆಲ್ಲ ಲಾರಿ ಏರುತ್ತದೆ. ಉಳಿದ ಅಲ್ಪಸ್ವಲ್ಪ ಮರಿಯಾದರೂ, ಮೀನಿನಿಂದ ತಪ್ಪಿಸಿಕೊಳ್ಳುವ ಯಾವ ಉಪಾಯವೂ ಫೇರಿ ಶ್ರಿಂಪ್‌ಗೆ ಗೊತ್ತಿಲ್ಲ. ಹೊಂಡ ಬತ್ತುವುದರಿಂದಲೇ ಅಲ್ಲಿ ಮೀನು ಇರಲಿಲ್ಲ, ಮೀನು ಇಲ್ಲದ್ದರಿಂದಲೇ ಇವು ಇದ್ದವು. ಬ್ರಿಟನ್ನಿನಲ್ಲಿ ಸೇನೆಯ ಟ್ಯಾಂಕ್‌ಗಳು ಓಡಾಡುವ ಸಾಲಿಸ್‌ಬರಿ ಬಯಲಿನ ಚಕ್ರದ ಗುಂಡಿಗಳಲ್ಲಿ ಕೈರೋಸೆಫಾಲಸ್ ಚೆನ್ನಾಗಿ ಬದುಕಿದೆ ಎಂದರೆ, ಚಂದದ ಕೊಳ ಅದಕ್ಕೆ ಬೇಕಿಲ್ಲವೆಂದು ತಿಳಿಯಬಹುದು.

ಕ್ಯಾಲಿಫೋರ್ನಿಯಾದಲ್ಲಿ 1994ರಲ್ಲಿ ಬ್ರಾಂಕಿನೆಕ್ಟ ಕುಲದ ಮೂರು ಫೇರಿ ಶ್ರಿಂಪ್‌ಗಳು ಮತ್ತು ಲೆಪಿಡ್ಯುರಸ್ ಪ್ಯಾಕಾರ್ಡಿ ಎಂಬ ಟ್ಯಾಡ್‌ಪೋಲ್ ಶ್ರಿಂಪ್, 1997ರಲ್ಲಿ ಸ್ಯಾನ್ ಡಿಯೇಗೊ ಫೇರಿ ಶ್ರಿಂಪ್ ಅಮೆರಿಕದ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯಡಿ ಬಂದವು. ಅಲ್ಲಿ ಹೊಂಡ ಮುಚ್ಚುವವರು ಬೇರೆಡೆ ಹೊಸದಾಗಿ ಹೊಂಡ ತೋಡಿ, ಹಳೆಯ ಮಣ್ಣನ್ನು ಹಾಕಿಕೊಡುವ ಪರಿಪಾಠವೂ ಬೆಳೆಯಿತು. ಈ ಬದಲಿ ವ್ಯವಸ್ಥೆಯ ಬಗ್ಗೆ ನನಗೆ ಪೂರ್ಣ ನಂಬಿಕೆಯಿಲ್ಲ. ಎಲ್ಲೆಂದರಲ್ಲಿ ಬೆಳೆಯುವ ಬ್ರಾಂಕಿನೆಕ್ಟ ಲಿಂಡಾಲಿ ಕೆದಕಿದ ಹೊಂಡಗಳಿಗೆ ನುಗ್ಗಿ ಸ್ಯಾನ್ ಡಿಯೇಗೊ ಪ್ರಭೇದದೊಂದಿಗೆ ಮಿಶ್ರತಳಿಯಾಗುತ್ತಿದೆ. ಮಣ್ಣು ಸಾಗಿಸುವಾಗ ಅದರೊಳಗೆ ಯಾರ್ಯಾರು ಪ್ರಯಾಣ ಮಾಡುತ್ತಾರೆ ಎಂಬುದು ಕಣ್ಣಿಗೆ ಕಾಣುವುದಿಲ್ಲ.

ಅದೇ ಕಾರಣಕ್ಕೆ ಬೂಟಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಲೆ, ಬೂಟುಗಳನ್ನು ಬಿಸಿಲಿಗೆ ಒಣಗಿಸಿದರೆ ಸಾಕು ಎಂಬ ಸಾಮಾನ್ಯ ಸಲಹೆ ಈ ಪ್ರಾಣಿಗಳಿಗೆ ನಾಟುವುದಿಲ್ಲ, ಒಣಗುವುದೇ ಅವುಗಳ ಕಸುಬು. ಪ್ರತಿ ಹೊಂಡದ ಅಂಚಿನಲ್ಲೇ ಬ್ರಷ್‌ನಿಂದ ಉಜ್ಜಿ, ಮಣ್ಣು ಅಲ್ಲಿಯೇ ಬೀಳುವಂತೆ ತೊಳೆದು ಮುಂದಿನ ಹೊಂಡಕ್ಕೆ ಹೋಗುತ್ತೇನೆ. ಒಂದಕ್ಕೊಂದು ದೂರವಿರುವ ಹೊಂಡಗಳಿಗೆ ಬೇರೆ ಬಲೆ ಒಯ್ಯುತ್ತೇನೆ.

ದಾಖಲೆ ಬರೆಯುವಾಗ ಸಿಗದ ಹೊಂಡಗಳನ್ನೂ ಸಿಕ್ಕ ಹೊಂಡಗಳಷ್ಟೇ ವಿವರವಾಗಿ ಬರೆಯುತ್ತೇನೆ: ದಿನಾಂಕ, ಅಕ್ಷಾಂಶ ರೇಖಾಂಶ, ನೀರಿತ್ತೋ ಒಣಗಿತ್ತೋ, ಎಷ್ಟು ಮಣ್ಣು, ಎಷ್ಟು ಸಲ ನೆನೆಸಿದ್ದು, ಯಾವ ಉಷ್ಣತೆಯಲ್ಲಿ, ಸಿಪ್ಪೆ ಕಂಡಿತೇ. ಮುಂದೆ ಯಾರಾದರೂ ಇಳಿಮುಖವನ್ನು ತೋರಿಸಬೇಕಾದರೆ ಈ ಸೊನ್ನೆಗಳೇ ಆಧಾರ. ಗುರುತಿಸಿದ ಮಾದರಿಗಳು ವಸ್ತುಸಂಗ್ರಹಾಲಯಕ್ಕೆ ಹೋಗುತ್ತವೆ. ಪ್ರತಿ ಚೀಲದ ಮಣ್ಣಿನಲ್ಲಿ ಅರ್ಧವನ್ನು ನೆನೆಸದೆ, ಕತ್ತಲೆಯಲ್ಲಿ ಒಣದಾಗಿಯೇ ತೆಗೆದಿಡುತ್ತೇನೆ. ನನ್ನ ಗುರುತಿಸುವಿಕೆಯನ್ನು ಒಪ್ಪದವರಿಗೆ ಅದನ್ನು ಕೊಟ್ಟು, ನೀವೇ ನೆನೆಸಿ ನೋಡಿ ಎನ್ನುತ್ತೇನೆ.