ಒಂದೇ ಫೈಲು, ಎರಡು ಕಿಟಕಿ

"ಅಣ್ಣಾರ, ಇಲ್ಲಿ 2012 ಅದ, ಅಲ್ಲಿ 2013 ಅದ. ಎರಡರಾಗ ಯಾವ್ದು ಖರೆ ರೀ?"

ಕಲಬುರಗಿಯಲ್ಲಿ ಡಿಟಿಪಿ ಅಂಗಡಿ ಇಟ್ಟವರಿಗೆ ಇಂಥ ಪ್ರಶ್ನೆ ಹೊಸದಲ್ಲ. ಬೈಂಡಿಂಗ್‌ಗೆ ಎರಡೇ ದಿನ ಇರುವಾಗ ಇವು ಕಣ್ಣಿಗೆ ಬೀಳುತ್ತವೆ. ಪ್ರಬಂಧ ಸಂವಿಧಾನದ 371ಜೆ ವಿಧಿ, ಅಂದ್ರೆ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟ ವಿಶೇಷ ಸ್ಥಾನಮಾನದ ಕುರಿತಾದದ್ದು. ಒಂಬತ್ತನೇ ಪುಟದಲ್ಲಿ ಒಂದು ವರ್ಷ, 140ನೇ ಪುಟದಲ್ಲಿ ಇನ್ನೊಂದು. ತಮಾಷೆ ಏನಂದ್ರೆ ಎರಡೂ ಸುಳ್ಳಲ್ಲ. ತಿದ್ದುಪಡಿ ಕಾಯ್ದೆಯ ಹೆಸರಲ್ಲೇ 2012 ಇದೆ, ಜಾರಿಗೆ ಬಂದಿದ್ದು 2013ರಲ್ಲಿ. ಹಾಗಾಗಿ ಎರಡೂ ವಾಕ್ಯಗಳನ್ನು ಒಟ್ಟಿಗೆ ನೋಡಿ ತಿದ್ದಬೇಕು. ಮೌಸ್ ಉರುಳಿಸುತ್ತಾ ಹೋದರೆ 140 ಮುಟ್ಟುವಷ್ಟರಲ್ಲಿ ಒಂಬತ್ತರಲ್ಲಿ ಓದಿದ್ದು ಮರೆತಿರುತ್ತದೆ, ಅಲ್ವಾ?

ಎರಡೂ ಪುಟ ಒಟ್ಟಿಗೆ ಕಾಣಬೇಕಾದರೆ ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಮೇಲಿನ 'ವ್ಯೂ' ಒತ್ತಿ, ಅಲ್ಲಿ 'ಸ್ಪ್ಲಿಟ್' ಆರಿಸಿ. ವಿಂಡೋಸ್ ಕಂಪ್ಯೂಟರಿನಲ್ಲಿ ಕಂಟ್ರೋಲ್, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೂ ಆಯಿತು. ಪರದೆಯ ನಡುವೆ ಅಡ್ಡಗೆರೆ ಬರುತ್ತದೆ. ಅದನ್ನು ಮೌಸ್‌ನಿಂದ ಹಿಡಿದು ಬೇಕಾದಷ್ಟು ಮೇಲೆ ಕೆಳಗೆ ಎಳೆಯಿರಿ.

ಈಗ ಮೇಲಿನ ಭಾಗದಲ್ಲಿ ಒಂಬತ್ತನೇ ಪುಟ ಇರಲಿ. ಕೆಳಗಿನ ಭಾಗದಲ್ಲಿ ಕ್ಲಿಕ್ ಮಾಡಿ, ಕಂಟ್ರೋಲ್ ಜಿ ಒತ್ತಿ, 140 ಅಂತ ಬರೆದು ಎಂಟರ್ ಕೊಡಿ. ಮೇಲಿನದು ಇದ್ದಲ್ಲೇ ಇರುತ್ತದೆ. ಜೂಮ್ ಕೂಡ ಎರಡಕ್ಕೂ ಬೇರೆ ಬೇರೆ ಇಟ್ಟುಕೊಳ್ಳಬಹುದು. ಚಿಕ್ಕ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದಿದ್ದರೆ ಕಂಟ್ರೋಲ್ ಎಫ್1 ಒತ್ತಿ, ಮೇಲಿನ ಬಟನ್ ಸಾಲು ಮುಚ್ಚಿಕೊಳ್ಳುತ್ತದೆ.

ಒಂದು ಮಾತು. ಕೆಳಗಿರುವುದು ನಕಲು ಅಲ್ಲ. ಮೊದಲ ಸಲ ನಾನು ನಕಲು ಅಂದುಕೊಂಡು ಸುಮ್ನೆ ಒಂದು ಪ್ಯಾರಾ ಅಳಿಸಿ ನೋಡಿದ್ದೆ. ಮೇಲೆ ಅದೇ ಪುಟಕ್ಕೆ ಹೋಗಿ ನೋಡಿದರೆ ಅಲ್ಲೂ ಮಾಯ! ಕಂಟ್ರೋಲ್ ಝಡ್ ಕಾಪಾಡಿತು. ಒಂದೇ ಮನೆಗೆ ಎರಡು ಕಿಟಕಿ ಇದ್ದ ಹಾಗೆ, ಯಾವುದರಿಂದ ಇಣುಕಿದರೂ ಒಳಗಿರುವ ಸಾಮಾನು ಅದೇ.

ಕೆಲಸ ಮುಗಿದ ಮೇಲೆ ಆ ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿ, ಗೆರೆ ಹೋಗುತ್ತದೆ.

ಮೇಲೆ ಕೆಳಗೆ ಬೇಡ, ಅಕ್ಕಪಕ್ಕ ಬೇಕು ಅನ್ನುವವರು 'ವ್ಯೂ'ದಲ್ಲೇ 'ನ್ಯೂ ವಿಂಡೋ' ಒತ್ತಿ, ಆಮೇಲೆ 'ವ್ಯೂ ಸೈಡ್ ಬೈ ಸೈಡ್' ಕೊಡಿ. ಎರಡೂ ಒಟ್ಟಿಗೆ ಸರಿಯತೊಡಗಿದರೆ 'ಸಿಂಕ್ರೊನಸ್ ಸ್ಕ್ರೋಲಿಂಗ್' ತೆಗೆದುಬಿಡಿ. ಆದರೆ ಗೈಡ್ ತಿದ್ದಿಕೊಟ್ಟ ಫೈಲನ್ನು ಹಳೆಯ ಫೈಲಿನ ಜೊತೆ ಹೋಲಿಸುವಾಗ ಅದು ಇರಲಿ, ಕೈಗೆ ಕೆಲಸ ಕಡಿಮೆ.

ಲಿಬ್ರೆ ಆಫೀಸ್ ರೈಟರ್ ಬಳಸುವವರಿಗೆ ಈ ಸ್ಪ್ಲಿಟ್ ಸಿಗುವುದಿಲ್ಲ. ಅಲ್ಲಿ 'ವಿಂಡೋ' ಮೆನುವಿನ 'ನ್ಯೂ ವಿಂಡೋ' ತೆರೆದು, ವಿಂಡೋಸ್ ಕೀ ಹಿಡಿದು ಎಡ ಬಾಣ ಒತ್ತಿ. ಇನ್ನೊಂದಕ್ಕೆ ಬಲ ಬಾಣ.